ತಳಪಾಯವಿಲ್ಲದ ಇಂಜಿನಿಯರಿಂಗ್ ವಿದ್ಯೆ

ಸಿಇಟಿ ಪರೀಕ್ಷೆಯ ಫಲಿತಾಂಶ ಪ್ರಕಟವಾದ ವಾರದಲ್ಲಿ ನಮ್ಮ ಮಠದ ಅಂಗಳದಲ್ಲಿ ಪ್ರತಿವರ್ಷವೂ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ರ‍್ಯಾಂಕು ಪಡೆದ ಮಗನನ್ನೋ ಮಗಳನ್ನೋ ಮುಂದಿಟ್ಟುಕೊಂಡು, ಹಣ್ಣುಕಾಯಿ ಹಿಡಿದು ಭಕ್ತರು ಆಶೀರ್ವಾದಕ್ಕೆ ಬರುತ್ತಾರೆ. "ಯಾವ ಬ್ರಾಂಚು ತಗೊಂಡರೆ ಒಳ್ಳೇದು ಬುದ್ಧಿ?" ಎಂಬುದು ಅವರ ಮೊದಲ ಪ್ರಶ್ನೆ. ಯಾವ ಕಾಲೇಜು ಎಂಬುದು ಎರಡನೆಯದು. ಶುಲ್ಕದಲ್ಲಿ ಏನಾದರೂ ರಿಯಾಯಿತಿ ದೊರಕೀತೇ ಎಂಬುದು, ಸಂಕೋಚದಿಂದ ಹೊರಡುವ ಮೂರನೆಯದು. "ಅಲ್ಲಿ ಹೋಗಿ ಕುಳಿತು ಪಾಠ ಕೇಳುವಷ್ಟು ಗಣಿತ ನನ್ನ ಮಗನಿಗೆ ಬರುತ್ತದೆಯೇ?" ಎಂದು ಒಬ್ಬ ತಂದೆಯಾದರೂ ಕೇಳಿದ್ದು ನಮ್ಮ ನೆನಪಿನಲ್ಲಿಲ್ಲ.

ಏಕೆ ಕೇಳಬೇಕು? ರ‍್ಯಾಂಕು ಬಂದಿದೆಯಲ್ಲ! ರ‍್ಯಾಂಕು ಬಂದವನಿಗೆ ಗಣಿತ ಬಂದೇ ಇರಬೇಕೆಂಬುದು ಇಂದು ನಮ್ಮ ಸಮಾಜದ ದೃಢವಾದ ನಂಬಿಕೆ. ಈ ನಂಬಿಕೆಯನ್ನು ನಾವು ಅಲ್ಲಗಳೆಯುತ್ತೇವೆ. ಇದು ಸುಳ್ಳು ಮಾತ್ರವಲ್ಲ, ಬಡವರ ಮಕ್ಕಳ ಪಾಲಿಗೆ ದುಬಾರಿಯಾದ ಸುಳ್ಳು. ಹಾಗೆ ಹೇಳಲು ನಮಗಿರುವ ಆಧಾರವನ್ನು, ನಮ್ಮದೇ ತಪ್ಪನ್ನು ಒಪ್ಪಿಕೊಳ್ಳುವುದರೊಂದಿಗೆ, ಸದ್ಭಕ್ತರ ಮುಂದೆ ಇಡುತ್ತಿದ್ದೇವೆ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಪ್ರಸಾದನಿಲಯದಲ್ಲಿದ್ದುಕೊಂಡು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ, ಮೆಕ್ಕೆಜೋಳ ಬೆಳೆಯುವ ಸಣ್ಣ ರೈತನೊಬ್ಬನ ಮಗ, ಪಿಯುಸಿಯಲ್ಲಿ ಒಳ್ಳೆಯ ಅಂಕ ಗಳಿಸಿ ಸಿಇಟಿಯಲ್ಲಿಯೂ ಯೋಗ್ಯವಾದ ರ‍್ಯಾಂಕು ಪಡೆದ. ಮಠದ ವಾರ್ಷಿಕ ಸಮಾರಂಭದಲ್ಲಿ ಅವನನ್ನು ವೇದಿಕೆಗೆ ಕರೆಸಿ ಶಾಲು ಹೊದಿಸಿದೆವು. ಶಾಲು ಹೊದಿಸಿದ್ದು ನಾವೇ. ಪ್ರಶಂಸೆಯ ನಾಲ್ಕು ಮಾತನಾಡಿದ್ದೂ ನಾವೇ. ತಂದೆ ಒಂದು ಎಕರೆ ಹೊಲ ಮಾರಿ ಮಗನನ್ನು ಇಂಜಿನಿಯರಿಂಗ್ ಕಾಲೇಜಿಗೆ ಸೇರಿಸಿದ. ಎರಡು ವರ್ಷ ಕಳೆದರೂ ಮೊದಲ ವರ್ಷದ ಎರಡು ಗಣಿತ ಪತ್ರಿಕೆಗಳು ಆ ಬಾಲಕನಿಗೆ ದಾಟಲಾಗದ ಹೊಳೆಯಾಗಿಯೇ ಉಳಿದವು. ಮೂರನೆಯ ವರ್ಷ ಅವನು ಕಾಲೇಜು ಬಿಟ್ಟು ತಾಲ್ಲೂಕು ಕೇಂದ್ರದ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತನು. ಕರೆಸಿ ವಿಚಾರಿಸಿದಾಗ ಬಹಳ ಹೊತ್ತು ತಲೆ ತಗ್ಗಿಸಿ ನಿಂತಿದ್ದು, ಕೊನೆಗೆ ಅವನು ಹೇಳಿದ್ದು ಒಂದೇ ಮಾತು: "ಬುದ್ಧಿ, ಅಲ್ಲಿ ನಾಕು ಉತ್ತರ ಕೊಟ್ಟಿರಲ್ಲ."

ಈ ಬಾಲಕ ದಡ್ಡನಲ್ಲ, ಸೋಮಾರಿಯೂ ಅಲ್ಲ. ಅವನಿಗೆ ಗಣಿತವೆಂದು ಕಲಿಸಿದ್ದೇ ಗಣಿತವಾಗಿರಲಿಲ್ಲ. ಸಿಇಟಿಯ ಗಣಿತ ಪತ್ರಿಕೆಯಲ್ಲಿ 60 ಪ್ರಶ್ನೆಗಳು, ಅವಕ್ಕೆ 80 ನಿಮಿಷಗಳು. ಅಂದರೆ ಪ್ರಶ್ನೆಯೊಂದಕ್ಕೆ 80 ಸೆಕೆಂಡು. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರಗಳನ್ನು ಮೊದಲೇ ಅಚ್ಚು ಮಾಡಿರುತ್ತಾರೆ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಪ್ರಶ್ನೆಯನ್ನೇ ಓದದೆ ಅರವತ್ತಕ್ಕೂ ಗುರುತು ಹಾಕಿ ಬಂದವನಿಗೂ ಸರಾಸರಿ ಲೆಕ್ಕದಲ್ಲಿ 15 ಅಂಕ ಬರುತ್ತದೆ. ಪರೀಕ್ಷೆಯನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಲಕ್ಷಾಂತರ ಮಕ್ಕಳನ್ನು ಸಾಲಾಗಿ ನಿಲ್ಲಿಸಬೇಕಾದರೆ ಸರಕಾರಕ್ಕೆ ಒಂದು ಜರಡಿ ಬೇಕು. ಜರಡಿ ಕಾಳನ್ನು ಬೇರ್ಪಡಿಸುತ್ತದೆ, ಅಡುಗೆ ಮಾಡಿಕೊಡುವುದಿಲ್ಲ. ನಮ್ಮ ಆಕ್ಷೇಪಣೆ ಇರುವುದು, ಎರಡು ವರ್ಷಗಳ ಪಿಯುಸಿ ವ್ಯಾಸಂಗವನ್ನು ಪೂರ್ತಿಯಾಗಿ ಈ ಜರಡಿಯ ಕಣ್ಣಿಗೆ ಹೊಂದಿಸಿ ಕತ್ತರಿಸುತ್ತಿರುವ ಬೋಧನಾ ವ್ಯಾಪಾರದ ಮೇಲೆ.

ಆ ವ್ಯಾಪಾರದಲ್ಲಿ ನಡೆಯುವುದೇನು? ಅನುಕಲನದ ಲೆಕ್ಕ ಬಂದರೆ ಅನುಕಲಿಸಬೇಡ, ಕೊಟ್ಟಿರುವ ನಾಲ್ಕು ಉತ್ತರಗಳನ್ನು ಒಂದೊಂದಾಗಿ ಅವಕಲಿಸಿ ಯಾವುದು ಪ್ರಶ್ನೆಗೆ ಹೊಂದುತ್ತದೋ ಅದಕ್ಕೆ ಗುರುತು ಹಾಕು ಎಂದು ಕಲಿಸುತ್ತಾರೆ. ಸಮೀಕರಣ ಬಿಡಿಸಬೇಡ, ಒಂದು, ಎರಡು, ಸೊನ್ನೆ ಹಾಕಿ ನೋಡು ಎನ್ನುತ್ತಾರೆ. ಎಂಬತ್ತು ಸೆಕೆಂಡಿನಲ್ಲಿ ಇದು ಜಾಣತನವೇ ಸರಿ. ಆದರೆ ಇಂಜಿನಿಯರಿಂಗಿನ ಮೊದಲ ಸೆಮಿಸ್ಟರಿನಲ್ಲಿ ವಕ್ರರೇಖೆಯ ವಕ್ರತಾ ತ್ರಿಜ್ಯವನ್ನೋ, ಟೇಲರ್ ಶ್ರೇಣಿಯನ್ನೋ, ಅವಕಲ ಸಮೀಕರಣವನ್ನೋ ಬಿಳಿಯ ಹಾಳೆಯ ಮೇಲೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ತಾನೇ ಬರೆಯಬೇಕಾದಾಗ, ಒಂದು ಪುಟದ ಸರಣಿಯನ್ನು ಕಟ್ಟಿಯೇ ಗೊತ್ತಿಲ್ಲದ ಕೈ ನಿಂತುಬಿಡುತ್ತದೆ.

ಒಂದು ನಿದರ್ಶನವನ್ನು ತುಸು ವಿಸ್ತಾರವಾಗಿ ಹೇಳಬೇಕಾಗಿದೆ. ನಾವು ವಟುವಾಗಿದ್ದ ಕಾಲದಲ್ಲಿ ಬೆಳಗಿನ ಜಾವ ಪಾಠಶಾಲೆಯಲ್ಲಿ ತರ್ಕಸಂಗ್ರಹದ ಪಾಠ, ಹಗಲು ಕಾಲೇಜಿನಲ್ಲಿ ಬಿ.ಎಸ್ಸಿ. ಗಣಿತದ ಪಾಠ. ಪರ್ವತದಲ್ಲಿ ಬೆಂಕಿಯಿದೆ ಎಂದರೆ ಸಾಲದು, ಏಕೆ ಎಂಬುದಕ್ಕೆ ಹೊಗೆಯೆಂಬ ಹೇತುವನ್ನು ಕೊಡಬೇಕು, ಹೊಗೆಗೂ ಬೆಂಕಿಗೂ ಇರುವ ವ್ಯಾಪ್ತಿಯನ್ನು ತೋರಿಸಬೇಕು. ಇಲ್ಲದಿದ್ದರೆ ನಮ್ಮ ಗುರುಗಳು ಮುಂದಿನ ವಾಕ್ಯಕ್ಕೆ ಹೋಗಗೊಡುತ್ತಿರಲಿಲ್ಲ. ಈಗ ಕೋನದ ಸೈನನ್ನು ಆ ಕೋನದಿಂದಲೇ ಭಾಗಿಸಿ, ಕೋನವು ಸೊನ್ನೆಗೆ ಹತ್ತಿರವಾದಂತೆ ಆ ಭಾಗಲಬ್ಧ ಎಲ್ಲಿಗೆ ತಲುಪುತ್ತದೆಂದು ಪಿಯುಸಿ ಮುಗಿಸಿದ ಯಾವ ವಿದ್ಯಾರ್ಥಿಯನ್ನಾದರೂ ಕೇಳಿರಿ. "ಒಂದು" ಎಂದು ಥಟ್ಟನೆ ಹೇಳುತ್ತಾನೆ. ಹೇಗೆ ಎಂದರೆ, "ಲೋಪಿತಾಲ್ ನಿಯಮದಿಂದ, ಮೇಲೂ ಕೆಳಗೂ ಅವಕಲಿಸಿದರಾಯಿತು" ಎನ್ನುತ್ತಾನೆ. ಸೈನನ್ನು ಅವಕಲಿಸಿದರೆ ಕೋಸೈನ್ ಬರುತ್ತದೆಂದು ಎಲ್ಲಿಂದ ತಿಳಿಯಿತು ಎಂದು ಮರುಪ್ರಶ್ನೆ ಹಾಕಿದರೆ ಮೌನ. ಅದು ತಿಳಿದದ್ದೇ ಈ ಮೊದಲಿನ ಮಿತಿಯಿಂದ! ಒಂದನ್ನು ಸಾಧಿಸಲು ಇನ್ನೊಂದು, ಆ ಇನ್ನೊಂದನ್ನು ಸಾಧಿಸಲು ಮತ್ತೆ ಇದೇ ಒಂದು. ನಮ್ಮ ತಾರ್ಕಿಕರು ಇದಕ್ಕೆ ಅನ್ಯೋನ್ಯಾಶ್ರಯ ದೋಷವೆಂದು ಹೆಸರಿಟ್ಟು ಎಷ್ಟೋ ಕಾಲವಾಯಿತು. ಪಾಠಶಾಲೆಯಲ್ಲಿ ಕಿವಿ ಹಿಂಡಿಸಿಕೊಳ್ಳುತ್ತಿದ್ದ ತಪ್ಪಿಗೆ ಇಂದು ಪೂರ್ಣಾಂಕ ದೊರೆಯುತ್ತದೆ. ಪರ್ವತದಲ್ಲಿ ಇರುವುದು ಬೆಂಕಿಯೋ, ನೀರೋ, ಮಂಜೋ, ಮೇಲಿನ ಯಾವುದೂ ಅಲ್ಲವೋ, ಸರಿಯಾದುದಕ್ಕೆ ಗುರುತು ಹಾಕಿರಿ ಎಂದು ಅನ್ನಂಭಟ್ಟನೂ ಬರೆದಿದ್ದರೆ ನಾವೆಲ್ಲ ಎಷ್ಟು ಸುಲಭವಾಗಿ ವಿದ್ವಾಂಸರಾಗಬಹುದಿತ್ತು!

ಪಠ್ಯಕ್ರಮ ರೂಪಿಸುವವರೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. 2022ರಲ್ಲಿ ಹೊರೆ ಇಳಿಸುವ ಸದುದ್ದೇಶದಿಂದ ಎನ್‌ಸಿಇಆರ್‌ಟಿಯವರು ಹನ್ನೊಂದನೆಯ ತರಗತಿಯ ಗಣಿತ ಪುಸ್ತಕದಿಂದ ಕೈಬಿಟ್ಟ ಅಧ್ಯಾಯಗಳಲ್ಲಿ ಗಣಿತೀಯ ಅನುಗಮನವೂ ಗಣಿತೀಯ ತರ್ಕವೂ ಸೇರಿವೆ. ಸೂತ್ರಗಳ ಹೊರೆಯನ್ನು ಉಳಿಸಿಕೊಂಡು, ಸಾಧನೆಯ ಕ್ರಮವನ್ನೇ ನೇರವಾಗಿ ಕಲಿಸುತ್ತಿದ್ದ ಅಧ್ಯಾಯಗಳನ್ನು ಕಿತ್ತುಹಾಕಿದ ವಿವೇಕಕ್ಕೆ ಏನೆನ್ನಬೇಕೋ ತಿಳಿಯದು.

ಇನ್ನು 2021ರಲ್ಲಿ ನಡೆದ ಪ್ರಸಂಗ ಹಲವರಿಗೆ ನೆನಪಿರಬಹುದು. ಆ ವರ್ಷ ಎಐಸಿಟಿಇ ಹೊರಡಿಸಿದ ಕೈಪಿಡಿಯಲ್ಲಿ ಹದಿನಾಲ್ಕು ವಿಷಯಗಳ ಪಟ್ಟಿಯೊಂದನ್ನು ಕೊಟ್ಟು, ಅವುಗಳಲ್ಲಿ ಯಾವ ಮೂರನ್ನು ಓದಿದವರೂ ಇಂಜಿನಿಯರಿಂಗಿಗೆ ಅರ್ಹರೆಂದೂ, ಕೊರತೆಯನ್ನು ವಿಶ್ವವಿದ್ಯಾಲಯಗಳು ಸೇತುಪಾಠಗಳಿಂದ ತುಂಬಿಕೊಡಬೇಕೆಂದೂ ಹೇಳಲಾಗಿತ್ತು. ದೇಶದಾದ್ಯಂತ ಆಕ್ಷೇಪಣೆಗಳೆದ್ದ ಮೇಲೆ ಗಣಿತದ ಮಹತ್ತ್ವ ಕಡಿಮೆಯಾಗಿಲ್ಲವೆಂಬ ಸ್ಪಷ್ಟೀಕರಣ ಬಂತು. ನಮ್ಮ ರಾಜ್ಯದ ಸಿಇಟಿ ಪ್ರವೇಶಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಈಗಲೂ ಕಡ್ಡಾಯವಾಗಿಯೇ ಇವೆ. ಆದರೆ ಅಂದು ಆ ಕೈಪಿಡಿಯನ್ನು ಸಮರ್ಥಿಸಿದವರು ಮುಂದಿಟ್ಟ ವಾದ ಇನ್ನೂ ಸತ್ತಿಲ್ಲ. ಗಣಿತವನ್ನು ಬಾಗಿಲಲ್ಲಿ ನಿಲ್ಲಿಸುವುದು ಹಳ್ಳಿಯ ಮಕ್ಕಳಿಗೆ ಮಾಡುವ ಅನ್ಯಾಯ, ಬಾಗಿಲು ತೆರೆದಿಡುವುದೇ ಕರುಣೆ ಎನ್ನುತ್ತಾರೆ. ಕರುಣೆಯ ಮಾತು ಬಂದಾಗ ಮಠದವರು ಸುಮ್ಮನಿರಲಾಗದು. ಈಜು ಬಾರದವನಿಗೆ ಹೊಳೆಯ ದಂಡೆಯ ಬೇಲಿಯನ್ನು ಕಿತ್ತುಕೊಡುವುದು ಕರುಣೆಯೇ? ಬಾಗಿಲು ತೆರೆದದ್ದರಿಂದ ನಮ್ಮ ರೈತನ ಮಗ ಒಳಗೆ ಹೋದ. ಅವನ ತಂದೆಯ ಹೊಲವೂ ಹೋಯಿತು. ಸೇತುಪಾಠವೆಂಬುದು ಹೊಸದೇನೂ ಅಲ್ಲ. ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೆಯ ವರ್ಷಕ್ಕೆ ಬರುವವರಿಗಾಗಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹೆಚ್ಚುವರಿ ಗಣಿತದ ಪತ್ರಿಕೆಗಳನ್ನು ಇರಿಸಿದ್ದರು. ಆದರೆ ಆ ಮಕ್ಕಳು ಮೂರನೆಯ ಸೆಮಿಸ್ಟರಿನ ಗಣಿತವನ್ನು ಕಲಿಯಬೇಕಾದ ತಿಂಗಳುಗಳಲ್ಲಿಯೇ ಅದಕ್ಕೆ ಆಧಾರವಾದ ಗಣಿತವನ್ನೂ ಕಲಿಯಬೇಕಾಗಿತ್ತು. ಹೊಳೆಯ ನಡುವೆ ನಿಂತು ಸೇತುವೆ ಕಟ್ಟಿದ ಹಾಗೆ.

ಮತ್ತೊಂದು ವಾದ ಪೇಟೆಯ ಭಕ್ತರದು, ಅದರಲ್ಲಿಯೂ ಮಕ್ಕಳನ್ನು ಕಂಪ್ಯೂಟರ್ ವಿಭಾಗಕ್ಕೆ ಸೇರಿಸಿದವರದು. "ಈಗ ಲೆಕ್ಕವನ್ನೆಲ್ಲ ಯಂತ್ರವೇ ಮಾಡುತ್ತದಲ್ಲ ಬುದ್ಧಿ, ಕೃತಕ ಬುದ್ಧಿಮತ್ತೆ ಬೇರೆ ಬಂದಿದೆ." ಇರಲಿ. ಮೂವತ್ತು ಡಿಗ್ರಿಯ ಸೈನ್ ಅರ್ಧ ಎಂಬುದು ಹೈಸ್ಕೂಲಿನ ಪಾಠ. ಕ್ಯಾಲ್ಕುಲೇಟರು ರೇಡಿಯನ್ ಕ್ರಮದಲ್ಲಿದ್ದಾಗ ಮೂವತ್ತರ ಸೈನ್ ಕೇಳಿದರೆ ಅದು ಋಣ 0.988 ಎಂದು ಉತ್ತರಿಸುತ್ತದೆ. ಯಂತ್ರ ತಪ್ಪು ಹೇಳಲಿಲ್ಲ, ಕೇಳಿದ್ದಕ್ಕೆ ಸರಿಯಾಗಿಯೇ ಹೇಳಿತು. ಮೂವತ್ತು ಡಿಗ್ರಿಯ ಇಳಿಜಾರಿನ ಲೆಕ್ಕದಲ್ಲಿ ಆ ಸಂಖ್ಯೆಯನ್ನು ಹಾಗೆಯೇ ಬರೆದುಕೊಂಡು ಮುಂದುವರಿದ ಇಂಜಿನಿಯರಿಂಗ್ ವಿದ್ಯಾರ್ಥಿಯನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕಂಪ್ಯೂಟರ್ ವಿಭಾಗಕ್ಕೆ ಗಣಿತ ಬೇಡವೆಂಬುದಂತೂ ಶುದ್ಧ ಭ್ರಮೆ. ಅಕಾರಾದಿಯಾಗಿ ಜೋಡಿಸಿದ ಹತ್ತು ಲಕ್ಷ ಹೆಸರುಗಳಲ್ಲಿ ಒಂದನ್ನು, ಪ್ರತಿಸಲವೂ ಪಟ್ಟಿಯನ್ನು ಅರ್ಧ ಮಾಡುತ್ತ ಹುಡುಕಿದರೆ, ಇಪ್ಪತ್ತು ಹೆಜ್ಜೆಗಳೊಳಗೆ ಸಿಗುತ್ತದೆ. ಏಕೆಂದರೆ ಎರಡನ್ನು ಇಪ್ಪತ್ತು ಬಾರಿ ಗುಣಿಸಿದರೆ 10,48,576. ಲಘುಗಣಕವೆಂದರೆ ಏನೆಂದು ತಿಳಿದವನಿಗೆ ಇದು ಒಂದು ಸಾಲಿನ ಮಾತು. ತಿಳಿಯದವನಿಗೆ ಅದು ಕೇವಲ ಕ್ಯಾಲ್ಕುಲೇಟರಿನ ಮೇಲಿನ ಒಂದು ಗುಂಡಿ.

ಸಿವಿಲ್ ವಿಭಾಗದ ಮಾತೂ ಇಷ್ಟೇ. ಗೋಡೆಯಿಂದ ಹೊರಚಾಚಿದ ತೊಲೆಯ ತುದಿಯಲ್ಲಿ ಭಾರವಿದ್ದರೆ, ಅದೇ ದಪ್ಪದ ತೊಲೆಯ ಉದ್ದವನ್ನು ಎರಡರಷ್ಟು ಮಾಡಿದಾಗ ತುದಿ ಬಾಗುವುದು ಎರಡರಷ್ಟಲ್ಲ, ಎಂಟರಷ್ಟು. ಭಾರವು ಉದ್ದಕ್ಕೂ ಸಮನಾಗಿ ಹರಡಿದ್ದರೆ ಹದಿನಾರರಷ್ಟು. ಎಂಟು ಎಲ್ಲಿಂದ ಬಂತು, ಹದಿನಾರು ಎಲ್ಲಿಂದ ಬಂತು ಎಂಬುದು ಅನುಕಲನವನ್ನು ಕೈಯಾರೆ ಮಾಡಿದವನಿಗೆ ಮಾತ್ರ ಮನಸ್ಸಿಗೆ ಇಳಿಯುವ ಸಂಗತಿ. ಬಾಲ್ಕನಿಯ ಕೆಳಗೆ ನಿಲ್ಲುವವರು ನಾವು, ನೀವು.

ವೇಗದ ಗುಣಾಕಾರಕ್ಕಾಗಿ ವೇದಗಣಿತದ ತರಗತಿಗಳನ್ನು ಮಠದಲ್ಲಿ ನಡೆಸಬೇಕೆಂದು ಕೆಲವರು ಸಲಹೆ ಮಾಡುತ್ತಾರೆ. 1965ರಲ್ಲಿ ಪ್ರಕಟವಾದ ಆ ಹೆಸರಿನ ಪುಸ್ತಕದ ಸೂತ್ರಗಳು ನಮಗೆ ಉಪಲಬ್ಧವಿರುವ ಯಾವ ವೇದಪಾಠದಲ್ಲಿಯೂ ಇಲ್ಲ. ಸಂಖ್ಯೆಗಳೊಡನೆ ಆಡುವ ಚಮತ್ಕಾರವಾಗಿ ಅವು ಚೆನ್ನಾಗಿವೆ, ಆದರೆ ಚಮತ್ಕಾರದ ಕೊರತೆಯಿಂದ ನಮ್ಮ ಮಕ್ಕಳು ಸೋಲುತ್ತಿಲ್ಲ. ನಮ್ಮ ನಾಡಿನ ಗಣಿತ ಪರಂಪರೆಯ ಹೆಮ್ಮೆ ಬೇಕಾದವರು ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನನ್ನೂ, ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲಿಯೇ ವ್ಯವಹಾರಗಣಿತವನ್ನು ಬರೆದ ರಾಜಾದಿತ್ಯನನ್ನೂ ಸ್ಮರಿಸಬಹುದು.

ಈಗ ಹೇಳಬೇಕಾದ ಕಠಿಣವಾದ ಮಾತು ನಮ್ಮವರಿಗೇ ಸಂಬಂಧಿಸಿದ್ದು. ಹುಬ್ಬಳ್ಳಿಯಲ್ಲಿ 1947ರಲ್ಲಿ, ಕಲಬುರಗಿಯಲ್ಲಿ 1958ರಲ್ಲಿ, ತುಮಕೂರು ಮತ್ತು ಬಾಗಲಕೋಟೆಗಳಲ್ಲಿ 1963ರಲ್ಲಿ ಇಂಜಿನಿಯರಿಂಗ್ ಕಾಲೇಜುಗಳನ್ನು ಕಟ್ಟಿದ ಹಿರಿಯರು, ಹಳ್ಳಿಯ ಮಕ್ಕಳು ಮುಂಬಯಿ, ಪುಣೆಗಳಿಗೆ ಅಲೆಯುವುದು ತಪ್ಪಲೆಂದು ಹಿಡಿ ಹಿಡಿ ಕೂಡಿಸಿದರು. ಆ ಋಣ ದೊಡ್ಡದು. ಆದರೆ ಇಂದಿನ ಆಡಳಿತ ಮಂಡಳಿಗಳ ಗಮನವೆಲ್ಲ ಎತ್ತ ಹರಿದಿದೆ? ಹೆಬ್ಬಾಗಿಲಿಗೆ ಗ್ರಾನೈಟು ಬರುತ್ತದೆ, ಸಭಾಂಗಣಕ್ಕೆ ಹವಾನಿಯಂತ್ರಣ ಬರುತ್ತದೆ. ಮೊದಲ ವರ್ಷದ ಗಣಿತ ಕಲಿಸುವವರು ಮಾತ್ರ ಎಷ್ಟೋ ಕಡೆ ವರ್ಷಕ್ಕೊಮ್ಮೆ ಬದಲಾಗುವ ತಾತ್ಕಾಲಿಕ ಉಪನ್ಯಾಸಕರು. ಹೊಸ ವಿದ್ಯಾರ್ಥಿಗಳಿಗೆ ಮೂರು ವಾರಗಳ ಪ್ರವೇಶ ಶಿಬಿರ ನಡೆಸುವ ಯೋಜನೆಯನ್ನು ಎಐಸಿಟಿಇ 2017ರಲ್ಲಿ ರೂಪಿಸಿತು. ಅದರಲ್ಲಿ ಯೋಗವಿದೆ, ಕಲೆಯಿದೆ, ಮಾನವೀಯ ಮೌಲ್ಯಗಳ ಚರ್ಚೆಯಿದೆ, ಗಣ್ಯರ ಉಪನ್ಯಾಸಗಳಿವೆ. ಯೋಗವನ್ನೂ ಮೌಲ್ಯಗಳನ್ನೂ ಮಠದವರಾದ ನಾವು ಬೇಡವೆನ್ನುತ್ತೇವೆಯೇ? ಇಂಥ ಶಿಬಿರಗಳಿಗೆ ಉಪನ್ಯಾಸಕರಾಗಿ ನಾವೂ ಹೋಗಿ ಬಂದಿದ್ದೇವೆ, ಹಾರ ಹಾಕಿಸಿಕೊಂಡಿದ್ದೇವೆ. ಆದರೆ ನಮ್ಮ ಆಶೀರ್ವಚನದ ಆ ಎರಡು ಗಂಟೆಗಳಲ್ಲಿ ಭಿನ್ನರಾಶಿ ಕಲಿಸಿದ್ದರೆ ಸಭೆಯಲ್ಲಿ ಕುಳಿತಿದ್ದ ಅರ್ಧದಷ್ಟು ಮಕ್ಕಳಿಗೆ ಹೆಚ್ಚಿನ ಉಪಕಾರವಾಗುತ್ತಿತ್ತೆಂದು ಇಂದು ನಮಗೆ ಅನ್ನಿಸುತ್ತದೆ.

ಭಿನ್ನರಾಶಿಯೆಂದೊಡನೆ ಕೆಲವರು ನಕ್ಕಾರು. ಆ ಬಾಲಕನ ಪ್ರಸಂಗದ ತರುವಾಯ, 2019ರ ಬೇಸಿಗೆಯಲ್ಲಿ, ಪ್ರಸಾದನಿಲಯದ ಊಟದ ಮನೆಯಲ್ಲಿ ನಾವೊಂದು ಗಣಿತ ವರ್ಗವನ್ನು ತೆರೆದೆವು. ಪಿಯುಸಿ ಪರೀಕ್ಷೆ ಮಾರ್ಚಿಗೆ, ಸಿಇಟಿ ಏಪ್ರಿಲಿಗೆ ಮುಗಿಯುತ್ತದೆ. ಕಾಲೇಜು ಆರಂಭವಾಗುವುದಕ್ಕೆ ಮೂರು ನಾಲ್ಕು ತಿಂಗಳು ಬಿಡುವಿರುತ್ತದೆ. ರ‍್ಯಾಂಕಿಗಾಗಿ ಎರಡು ವರ್ಷ ದುಡಿದ ಮಗು ಈ ಕಾಲದಲ್ಲಿ ವಿಶ್ರಾಂತಿ ಪಡೆಯಲಿ ಎಂದು ತಾಯಂದಿರು ಹೇಳುತ್ತಾರೆ. ಎರಡು ವಾರ ಮಲಗಲಿ, ನಮ್ಮ ಅಭ್ಯಂತರವಿಲ್ಲ. ಉಳಿದದ್ದರಲ್ಲಿ ಆರು ವಾರ ನಮಗೆ ಕೊಡಲಿ. ಆ ಮೊದಲ ವರ್ಷ ಬಂದವರು ಹದಿನಾಲ್ಕು ಮಂದಿ. ಕಲಿಸಲು ಬಂದವರು ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ, ಇದೇ ಪ್ರಸಾದನಿಲಯದಲ್ಲಿ ಉಂಡು ಓದಿದ ಹಿರಿಯರೊಬ್ಬರು. ಮೊದಲ ದಿನ ಅವರು ಕೇಳಿದ್ದು ಒಂದು ಸಣ್ಣ ಲೆಕ್ಕ: 6 ಓಮ್ ಮತ್ತು 3 ಓಮ್‌ಗಳ ಎರಡು ರೋಧಕಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧವೆಷ್ಟು? ಆರನೆಯ ಒಂದು, ಮೂರನೆಯ ಒಂದು, ಎರಡೂ ಕೂಡಿದರೆ ಅರ್ಧ, ಆದ್ದರಿಂದ ಉತ್ತರ 2 ಓಮ್. ಹದಿನಾಲ್ವರಲ್ಲಿ ಐವರು 9 ಎಂದು ಬರೆದಿದ್ದರು. ಒಂದರ ಕೆಳಗೆ ಆರು, ಒಂದರ ಕೆಳಗೆ ಮೂರು, ಕೂಡಿದರೆ ಒಂದರ ಕೆಳಗೆ ಒಂಬತ್ತು ಎಂಬುದು ಅವರ ದಾರಿ. ಒಂಬತ್ತು ಮತ್ತು ಹದಿನಾರರ ಮೊತ್ತದ ವರ್ಗಮೂಲವನ್ನು ಏಳೆಂದು ಬರೆದವರು ಇನ್ನೂ ಹೆಚ್ಚು. ಇವರೆಲ್ಲ ಇಂಜಿನಿಯರಿಂಗ್ ಸೀಟು ದೊರೆತವರು, ಅನುಕಲನದ ಸೂತ್ರಗಳನ್ನು ಪಟಪಟನೆ ಒಪ್ಪಿಸಬಲ್ಲವರು.

ಆದುದರಿಂದ ನಮ್ಮ ವರ್ಗದಲ್ಲಿ ಮೊದಲ ವಾರ ಪೂರ್ತಿಯಾಗಿ ಭಿನ್ನರಾಶಿ, ವಿಸ್ತರಣೆ, ಅಪವರ್ತನ. ಎರಡನೆಯ ವಾರ ಘಾತಾಂಕ ಮತ್ತು ಲಘುಗಣಕ. ಅನಂತರ ತ್ರಿಕೋನಮಿತಿ. ಅದನ್ನು ಸೂತ್ರಗಳ ಪಟ್ಟಿಯಿಂದಲ್ಲದೆ ಏಕಮಾನ ವೃತ್ತದಿಂದ ಆರಂಭಿಸಿ, ರೇಡಿಯನ್ ಎಂದರೆ ತ್ರಿಜ್ಯದಷ್ಟು ಉದ್ದದ ಕಂಸ ವೃತ್ತದ ಕೇಂದ್ರದಲ್ಲಿ ಮಾಡುವ ಕೋನವೆಂಬುದನ್ನು ದಾರದಿಂದ ಅಳೆದು ತೋರಿಸುತ್ತೇವೆ. ಆಮೇಲೆ ಫಲನಗಳ ನಕ್ಷೆಗಳು. ಅವನ್ನು ಕೈಯಿಂದಲೇ ಬರೆಯಬೇಕು. ಕಲನಶಾಸ್ತ್ರ ಬರುವುದು ಐದನೆಯ ವಾರಕ್ಕೆ, ಸಂಕೀರ್ಣ ಸಂಖ್ಯೆ ಮತ್ತು ಮಾತೃಕೆಗಳು ಆರನೆಯದಕ್ಕೆ. ಮೊದಲ ಸೆಮಿಸ್ಟರಿನ ಪಾಠವನ್ನು ಮುಂಚಿತವಾಗಿ ಕಲಿಸಿರೆಂದು ಪೋಷಕರು ಒತ್ತಾಯಿಸುತ್ತಾರೆ. ನಾವು ಒಪ್ಪಿಲ್ಲ, ಒಪ್ಪುವುದೂ ಇಲ್ಲ. ಅದು ಕಾಲೇಜಿನವರ ಕೆಲಸ. ದಿನಕ್ಕೆ ಹತ್ತೇ ಲೆಕ್ಕ, ಪ್ರತಿ ಹೆಜ್ಜೆಯ ಬಲಗಡೆ 'ಏಕೆ' ಎಂಬ ಕಾರಣವನ್ನು ಬರೆಯಬೇಕು, ಕನ್ನಡದಲ್ಲಿ ಬರೆದರೂ ಸರಿಯೇ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತು ಪಿಯುಸಿಯಲ್ಲಿ ಒಮ್ಮೆಲೆ ಇಂಗ್ಲಿಷಿಗೆ ಬಿದ್ದ ಎಷ್ಟೋ ಮಕ್ಕಳ ಗಣಿತ ನಿಂತದ್ದು ಗಣಿತದ ಕಷ್ಟದಿಂದಲ್ಲ ಎಂಬುದು ಈ ಬಲಗಡೆಯ ಅಂಕಣವನ್ನು ಓದಿದಾಗಲೇ ನಮಗೆ ತಿಳಿದದ್ದು. ಇಂಗ್ಲಿಷಿನಲ್ಲಿ ಬಾಯಿಪಾಠವಾಗಿದ್ದ ನಿಯಮಕ್ಕೆ ಕನ್ನಡದಲ್ಲಿ ಕಾರಣ ಬರೆಯಲು ಹೊರಟ ಹುಡುಗಿಯೊಬ್ಬಳು ಅರ್ಧಕ್ಕೇ ಲೇಖನಿ ಇಟ್ಟು, "ಅಯ್ಯೋ, ಇದು ಇಷ್ಟೇನಾ!" ಎಂದು ಗಟ್ಟಿಯಾಗಿ ಹೇಳಿದ್ದು ಊಟದ ಮನೆಯ ಆಚೆಗೂ ಕೇಳಿಸಿತು.

ವಿಶ್ವೇಶ್ವರಯ್ಯನವರ ಭಾವಚಿತ್ರವಿಲ್ಲದ ಇಂಜಿನಿಯರಿಂಗ್ ಕಾಲೇಜು ನಮ್ಮ ನಾಡಿನಲ್ಲಿ ಇರಲಾರದು. ಅವರು ಮನೆಪಾಠ ಹೇಳಿ ಸಂಪಾದಿಸಿಕೊಳ್ಳುತ್ತ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವಿ ಪಡೆದು, ಆಮೇಲೆ ಇಂಜಿನಿಯರಿಂಗ್ ಕಲಿಯಲು ಪುಣೆಗೆ ಹೋದರೆಂಬುದು ಆ ಚಿತ್ರಕ್ಕೆ ಹಾರ ಹಾಕುವವರಿಗೆ ನೆನಪಿದ್ದರೆ, ಆರು ವಾರ ಹೆಚ್ಚೆಂದು ಅವರಿಗೆ ತೋರಲಾರದು.

ನಮ್ಮ ಕೇಳಿಕೆ ದೊಡ್ಡದೇನೂ ಅಲ್ಲ. ಸಮಾಜದ ಪ್ರತಿಯೊಂದು ಇಂಜಿನಿಯರಿಂಗ್ ಕಾಲೇಜೂ, ಪ್ರತಿಯೊಂದು ಪ್ರಸಾದನಿಲಯವೂ ಏಪ್ರಿಲ್ ಕೊನೆಯಿಂದ ಇಂಥ ಒಂದು ವರ್ಗವನ್ನು ಉಚಿತವಾಗಿ ನಡೆಸಬೇಕು. ಕಟ್ಟಡ ಹೇಗೂ ಇದೆ, ಬೇಸಿಗೆಯಲ್ಲಿ ಅದು ಖಾಲಿಯೇ ಇರುತ್ತದೆ. ಬೇಕಾದದ್ದು ಕರಿಹಲಗೆ, ಸೀಮೆಸುಣ್ಣ, ಕಲಿಸಬಲ್ಲ ಒಬ್ಬರು. ಹಳೆಯ ವಿದ್ಯಾರ್ಥಿಗಳು ಮಠಕ್ಕೆ ಬಂದಾಗಲೆಲ್ಲ "ನಮ್ಮಿಂದ ಏನಾದರೂ ಸೇವೆ ಅಪ್ಪಣೆಯಾಗಬೇಕು" ಎನ್ನುತ್ತಾರೆ. ಬೆಳ್ಳಿಯ ಪಾದುಕೆಗಳು ಸಾಕಷ್ಟಿವೆ. ಎರಡು ವಾರದ ರಜೆ ಹಾಕಿ ಬಂದು ಲಘುಗಣಕ ಕಲಿಸಿರಿ.

ಕೊರೊನಾದ 2020 ಮತ್ತು 2021ನೆಯ ವರ್ಷಗಳನ್ನು ಬಿಟ್ಟರೆ ನಮ್ಮ ವರ್ಗ ನಿಂತಿಲ್ಲ. ಮೊಬೈಲ್ ಅಂಗಡಿಯ ಆ ಯುವಕ 2022ರಿಂದ ಭಾನುವಾರದ ದಿನ ಅಂಗಡಿಗೆ ರಜೆ ಹೇಳಿ ಬರುತ್ತಿದ್ದಾನೆ. ಕಲಿಯಲಿಕ್ಕೋ ಕಲಿಸಲಿಕ್ಕೋ ನಾವು ಕೇಳಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತು ಪಕ್ಕದವರ ಪುಸ್ತಕ ತಿದ್ದುತ್ತಿರುತ್ತಾನೆ. ಮುಂದಿನ ವರ್ಗವು ಸಿಇಟಿ ಮುಗಿದ ಎರಡು ವಾರಗಳ ತರುವಾಯ, ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಆರಂಭವಾಗುವುದು. ಇನ್ನೂರು ಪುಟದ ಎರಡು ನೋಟುಪುಸ್ತಕ, ಕೈವಾರ, ಕೋನಮಾಪಕ ತರಬೇಕು. ಕ್ಯಾಲ್ಕುಲೇಟರು ಮತ್ತು ಮೊಬೈಲುಗಳನ್ನು ಕಚೇರಿಯಲ್ಲಿ ಒಪ್ಪಿಸಬೇಕು. ಊಟ, ವಸತಿ ಮಠದ್ದು. ಹೆಣ್ಣುಮಕ್ಕಳಿಗೆ ಪ್ರತ್ಯೇಕ ವಸತಿಯ ಏರ್ಪಾಡಿದೆ.